ತಾರ್ಲೆಯ ಹಿಂಡಿನಲ್ಲಿ ಬಂಗಡೆ: ಬೇರೆ ಬೇರೆ ಮೀನು ಒಟ್ಟಿಗೆ ಈಜುವುದು ಹೇಗೆ?

(ವಾಸ್ಕೋದಲ್ಲಿ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಬಂದ ಪ್ರಶ್ನೆಗಳನ್ನೂ ನಡುನಡುವೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕಾರವಾರ, ಅಂಕೋಲಾ ಕಡೆಯವರು ಇದ್ದೀರಿ. ಗದಗ, ಬಾಗಲಕೋಟೆ, ವಿಜಯಪುರದಿಂದ ಬಂದು ನೆಲೆಸಿದವರೂ ಇದ್ದೀರಿ. ಮೀನು ಎಲ್ಲರ ಮನೆಯಲ್ಲೂ ಬೇಯುವುದಿಲ್ಲ. ಆದರೆ ಗೋವಾದಲ್ಲಿ ಇದ್ದ ಮೇಲೆ ತಾರ್ಲೆ, ಬಂಗಡೆ ಎರಡನ್ನೂ ನೋಡದವರು ಇರಲಿಕ್ಕಿಲ್ಲ. ಮಂಗಳೂರಿನವರು ಇವನ್ನೇ ಭೂತಾಯಿ, ಬಂಗುಡೆ ಅನ್ನುತ್ತಾರೆ. ಇವತ್ತಿನ ಮಾತು ಈ ಎರಡು ಮೀನಿನಿಂದಲೇ ಶುರು.

ತಾರ್ಲೆಗೆ ಅಂತ ಹಾಕಿದ ಬಲೆಯಲ್ಲಿ ಬಂಗಡೆಯೂ ಬರುತ್ತದೆ. ಖಾರಿವಾಡದ ಜೆಟ್ಟಿಯಲ್ಲಿ ಬೋಟಿನಿಂದ ಮೀನು ಇಳಿಸುವಾಗ ಸ್ವಲ್ಪ ಹೊತ್ತು ನಿಂತರೆ ಕಾಣುತ್ತದೆ. ಎರಡೂ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ತಿಂದು ಬದುಕುವ ಮೀನು. ಮಳೆಗಾಲದಲ್ಲಿ ತಳದ ತಣ್ಣನೆಯ ನೀರು ಮೇಲಕ್ಕೆ ಬಂದು, ದಡದ ಹತ್ತಿರ ಆ ಆಹಾರ ಜಾಸ್ತಿಯಾದಾಗ ಎರಡೂ ಅಲ್ಲಿಗೇ ಬರುತ್ತವೆ. ಊಟ ಇದ್ದ ಕಡೆ ಇಬ್ಬರೂ ಸೇರಿದರು, ಅಷ್ಟೇ ಅಲ್ವಾ ಅನ್ನಬಹುದು. ಆದರೆ ಒಂದೇ ಜಾಗದಲ್ಲಿ ಇರುವುದು ಬೇರೆ, ಒಟ್ಟಿಗೆ ತಿರುಗುವುದು ಬೇರೆ. ಸಾವಿರಾರು ಮೀನು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಒಂದೇ ಕ್ಷಣದಲ್ಲಿ ಎಡಕ್ಕೆ ಹೊರಳುತ್ತವೆ. ಆ ಹಿಂಡಿನೊಳಗೆ ಬೇರೆ ಜಾತಿಯ ಮೀನು ಇದ್ದರೂ ಅದೂ ಹೊರಳುತ್ತದೆ. ಯಾರು ಹೇಳಿದರು ಅದಕ್ಕೆ?

ಯಾರೂ ಹೇಳುವುದಿಲ್ಲ. ಮುಂದೆ ಒಂದು ದೊಡ್ಡ ಮೀನು ಇದ್ದು ಉಳಿದವು ಅದರ ಹಿಂದೆ ಹೋಗುತ್ತವೆ ಅಂತ ನಮಗೆ ಅನ್ನಿಸುವುದು ಸಹಜ. ಆದರೆ ಹಿಂಡು ಎಡಕ್ಕೆ ತಿರುಗಿದಾಗ ಏನಾಗುತ್ತದೆ ನೋಡಿ. ಅಲ್ಲಿಯವರೆಗೆ ಎಡಗಡೆ ಅಂಚಿನಲ್ಲಿ ಇದ್ದ ಮೀನು ಈಗ ಮುಂದಿನ ಸಾಲಿಗೆ ಬಂತು. ಮುಂದೆ ಇದ್ದದ್ದು ಪಕ್ಕಕ್ಕೆ ಹೋಯಿತು. ಇನ್ನೊಂದು ತಿರುವಿಗೆ ಮತ್ತೆ ಬೇರೆಯವರು ಮುಂದೆ. ಹೀಗಿರುವಾಗ ಕಾಯಂ ಮುಂದಾಳು ಅಂತ ಒಬ್ಬರು ಇರಲು ಸಾಧ್ಯವೇ ಇಲ್ಲ.

1982ರಲ್ಲಿ ಜಪಾನಿನ ಇಚಿರೊ ಆಓಕಿ ಎಂಬವರು ಇದನ್ನು ಲೆಕ್ಕದಲ್ಲಿ ತೋರಿಸಿದರು. ಕಂಪ್ಯೂಟರಿನೊಳಗಿನ ಮೀನಿಗೆ ಮೂರು ಕೆಲಸ ಕೊಟ್ಟರು. ಪಕ್ಕದವರು ತೀರಾ ಹತ್ತಿರ ಬಂದರೆ ದೂರ ಸರಿದುಕೋ. ತೀರಾ ದೂರವಾದರೆ ಹತ್ತಿರ ಹೋಗು. ನಡುವೆ ಇದ್ದರೆ ಅವರು ಹೋಗುವ ದಿಕ್ಕಿಗೇ ಹೋಗು. ಹಿಂಡು ಎಷ್ಟು ದೊಡ್ಡದು, ಎಲ್ಲಿಗೆ ಹೊರಟಿದೆ ಅನ್ನುವುದು ಯಾವ ಮೀನಿಗೂ ಗೊತ್ತಿರಬೇಕಾಗಿಲ್ಲ. ಅಷ್ಟಾದರೂ ಪರದೆಯ ಮೇಲೆ ಹಿಂಡು ಹುಟ್ಟಿಕೊಂಡಿತು, ಒಟ್ಟಿಗೆ ಸಾಗಿತು.

ಲೆಕ್ಕ ಚೆಂದ ಇದೆ. ನಿಜವಾದ ಮೀನು ಹಾಗೇ ಮಾಡುತ್ತದೆಯೇ? ಇದನ್ನು ನೋಡಲು ಕ್ಯಾಮೆರಾ, ಕಂಪ್ಯೂಟರ್ ಎರಡೂ ಚೆನ್ನಾಗಿ ಬೆಳೆಯುವವರೆಗೆ ಕಾಯಬೇಕಾಯಿತು. 2011ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಅಳೆದವು. ಒಂದು ತಂಡ ತೆಗೆದುಕೊಂಡದ್ದು ಅಮೆರಿಕದ ಗೋಲ್ಡನ್ ಶೈನರ್ ಎಂಬ ಸಿಹಿನೀರಿನ ಮೀನು. ಇನ್ನೊಂದು ತಂಡ ತೆಗೆದುಕೊಂಡದ್ದು ಗ್ಯಾಂಬೂಸಿಯಾ. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮಲ್ಲಿ ಬಾವಿಗೆ, ಹೊಂಡಕ್ಕೆ ಬಿಡುತ್ತಾರಲ್ಲ, ಆ ಬಳಗದ್ದೇ. ಎರಡೂ ತಂಡಗಳಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ವಿಷಯ. ಪಕ್ಕದವರ ದಿಕ್ಕನ್ನು ನೋಡಿ ತನ್ನ ದಿಕ್ಕು ಸರಿಮಾಡಿಕೊಳ್ಳುವುದು ಅಷ್ಟಾಗಿ ಕಾಣಲಿಲ್ಲ. ಕಂಡದ್ದು ವೇಗ. ಮುಂದೆ ಇರುವ ಮೀನು ದೂರವಾದರೆ ಹಿಂದಿನದು ವೇಗ ಹೆಚ್ಚಿಸುತ್ತದೆ. ಜೊತೆಗಾರ ಹಿಂದೆ ಬಿದ್ದರೆ ನಿಧಾನ ಮಾಡುತ್ತದೆ. ಇಷ್ಟು ಮಾಡುತ್ತಾ ಹೋದರೆ ದಿಕ್ಕು ತಾನಾಗಿಯೇ ಒಂದಾಗುತ್ತದೆ. ಗ್ಯಾಂಬೂಸಿಯಾ ಅಂತೂ ಮುಖ್ಯವಾಗಿ ಗಮನ ಕೊಡುವುದು ಅತಿ ಹತ್ತಿರದ ಒಂದೇ ಒಂದು ಮೀನಿಗೆ.

ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಟ್ಟಿಗೆ ಇರುವುದು ಅಂದರೆ ಮೊದಲಿಗೆ ವೇಗ ಹೊಂದಿಸಿಕೊಳ್ಳುವುದು. ಬೇರೆ ಬೇರೆ ಜಾತಿಯ ಮೀನು ಸೇರಿದಾಗ ಎಲ್ಲ ನಿಂತಿರುವುದು ಇದರ ಮೇಲೆಯೇ.

ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಕೆಲಸ ಹೇಳಬೇಕು. ನನಗೆ ಇದು ಬಹಳ ಇಷ್ಟ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವೇಶ ಗುತ್ತಲ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಆರಿಸಿಕೊಂಡ ಮೀನು ಯಾವುದು ಗೊತ್ತಾ? ಕೇರಳದವರ ಕರಿಮೀನು. ಗೋವಾದಲ್ಲಿ ಕಾಳುಂದ್ರ ಅಂತ ಮಸಾಲೆ ತುಂಬಿ ಹುರಿಯುತ್ತಾರಲ್ಲ, ಅದೇ. ಅದರ ಮರಿಗಳನ್ನು 15, 30, 60ರ ಗುಂಪು ಮಾಡಿ ತೊಟ್ಟಿಗೆ ಬಿಟ್ಟು, ಮೇಲಿನಿಂದ ವಿಡಿಯೋ ಮಾಡಿದರು. ಒಂದೊಂದು ಮೀನಿನ ಚಲನೆಯನ್ನೂ ಬಿಡಿಸಿ ಲೆಕ್ಕ ಹಾಕಿದರು.

ಹಿಂದಿನ ಎರಡು ಮೀನುಗಳಲ್ಲಿ ಕಂಡದ್ದು ವೇಗ, ಕರಿಮೀನಿನಲ್ಲಿ ಇವರು ಲೆಕ್ಕ ಹಾಕಿದ್ದು ದಿಕ್ಕು. ಅವರಿಗೆ ಸಿಕ್ಕಿದ್ದು ಹೀಗೆ. ಮೀನು ಸುತ್ತಲಿನವರನ್ನೆಲ್ಲ ನೋಡಿ ಸರಾಸರಿ ತೆಗೆಯುತ್ತದೆ ಅಂತ ಇಟ್ಟುಕೊಳ್ಳಬೇಕಾಗಿಯೇ ಇಲ್ಲ. ಒಂದು ಸಲಕ್ಕೆ ಒಂದು ಮೀನನ್ನು ನೋಡಿ ಅದರ ದಿಕ್ಕು ಹಿಡಿದರೆ ಸಾಕು. ನಡುವೆ ಯಾವಾಗಲಾದರೂ ತನ್ನಷ್ಟಕ್ಕೆ ಸುಮ್ನೆ ತಿರುಗುತ್ತದೆ. ಆಮೇಲೆ ಮತ್ತೆ ಯಾರನ್ನೋ ನೋಡಿ ಅವರ ದಿಕ್ಕು. ಇಷ್ಟೇ. ಇಷ್ಟರಿಂದಲೇ ಗುಂಪು ಒಂದೇ ದಿಕ್ಕಿಗೆ ಸಾಗುತ್ತದೆ. ಇನ್ನೂ ಆಶ್ಚರ್ಯದ ಸಂಗತಿ ಎಂದರೆ, ಗುಂಪು ಸಣ್ಣದಿದ್ದಷ್ಟೂ ಅದು ಜಾಸ್ತಿ ಶಿಸ್ತಾಗಿ ಸಾಗುತ್ತದೆ. ಯಾಕೆ ಅಂದರೆ, ಸಣ್ಣ ಗುಂಪಿನಲ್ಲಿ ಆಕಸ್ಮಿಕಕ್ಕೆ ಬಲ ಇದೆ. 15 ಮೀನಿನಲ್ಲಿ ಎರಡು ಮೂರು ಆಕಸ್ಮಿಕವಾಗಿ ಒಂದೇ ಕಡೆ ತಿರುಗಿದವು ಅಂತಿಟ್ಟುಕೊಳ್ಳಿ. ಬೇರೆಯವು ಅವನ್ನು ನೋಡಿ ತಿರುಗುತ್ತವೆ, ಅವನ್ನು ನೋಡಿ ಮತ್ತೊಂದಷ್ಟು. ಬೇಗನೆ ಇಡೀ ಗುಂಪು ಆ ಕಡೆ. ತುಂಬಾ ಮೀನು ಇದ್ದರೆ ಒಂದು ಕಡೆಯ ಆಕಸ್ಮಿಕವನ್ನು ಇನ್ನೊಂದು ಕಡೆಯ ಆಕಸ್ಮಿಕ ಅಳಿಸಿಹಾಕುತ್ತದೆ. ಅಳತೆಯಲ್ಲಿ ತಪ್ಪು ಅಂತ ಸಾಮಾನ್ಯವಾಗಿ ಬದಿಗಿಡುವ ಏರುಪೇರೇ ಇಲ್ಲಿ ಹಿಂಡನ್ನು ಕಟ್ಟುತ್ತಿದೆ. ಇದು ಬೆಂಗಳೂರಿನಲ್ಲಿ, ನಮ್ಮ ಹಿನ್ನೀರಿನ ಮೀನಿನ ಮೇಲೆ ಆದ ಕೆಲಸ ಅನ್ನುವುದಕ್ಕೆ ನನಗೆ ಹೆಮ್ಮೆ ಇದೆ.

ಇಲ್ಲಿಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ನೋಡಿ ಅಂತೀರಲ್ಲ, ಕತ್ತಲಲ್ಲಿ ಹೇಗೆ ನೋಡ್ತಾವೆ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ.

ಹಿಂಡು ಕಟ್ಟುವ ಹೆಚ್ಚಿನ ಮೀನುಗಳಿಗೆ ಕಣ್ಣು ಮುಖ್ಯ. ಬೆಳಕು ತೀರಾ ಕಡಿಮೆಯಾದರೆ ಎಷ್ಟೋ ಜಾತಿಗಳ ಹಿಂಡು ಸಡಿಲವಾಗುತ್ತದೆ. ಆದರೆ ಮೀನಿಗೆ ನಮಗಿಲ್ಲದ ಇನ್ನೊಂದು ಇಂದ್ರಿಯ ಇದೆ. ಮೈಯ ಎರಡೂ ಪಕ್ಕಕ್ಕೆ ಕಿವಿರಿನಿಂದ ಬಾಲದವರೆಗೆ ಹೋಗುವ ಒಂದು ಗೆರೆ. ಪಾಠಪುಸ್ತಕದಲ್ಲಿ ಪಾರ್ಶ್ವರೇಖೆ ಅಂತ ಓದಿರುತ್ತೀರಿ. ಅದರ ಒಳಗೆ ಸಣ್ಣ ಕೊಳವೆ ಇದೆ. ಕೊಳವೆಯೊಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಹತ್ತಿರದ ಮೀನು ಬಾಲ ಬೀಸಿದರೆ ನೀರು ಅಲುಗುತ್ತದೆ, ಎಳೆ ಬಾಗುತ್ತದೆ, ಮೀನಿಗೆ ಗೊತ್ತಾಗುತ್ತದೆ. ತುಂಬಾ ದೂರಕ್ಕೆ ಇದು ಕೆಲಸ ಮಾಡುವುದಿಲ್ಲ. ಒಂದೆರಡು ಮೈಯುದ್ದದಷ್ಟು ದೂರಕ್ಕೆ ಸರಿ.

1976ರಲ್ಲಿ ಬ್ರಿಟನ್ನಿನ ಸಂಶೋಧಕರು ಸೇಥ್ ಎಂಬ ಸಮುದ್ರಮೀನಿನ ಕಣ್ಣಿಗೆ ಮುಚ್ಚಳ ಹಾಕಿ ನೋಡಿದರು. ಕಣ್ಣು ಕಾಣದ ಮೀನು ಹಿಂಡಿನ ಜೊತೆಯೇ ಈಜಿತು! ಆಮೇಲಿನ ಅಳತೆಯಲ್ಲಿ ಇನ್ನೊಂದು ಗೊತ್ತಾಯಿತು. ಕಣ್ಣಿಲ್ಲದ ಮೀನು ಪಕ್ಕದವರಿಂದ ಸ್ವಲ್ಪ ಜಾಸ್ತಿ ದೂರ ಇಟ್ಟುಕೊಳ್ಳುತ್ತದೆ. ಪಾರ್ಶ್ವರೇಖೆ ಕೆಲಸ ಮಾಡದ ಮೀನು ಪಕ್ಕದವರಿಗೆ ತೀರಾ ಅಂಟಿಕೊಂಡು ಈಜುತ್ತದೆ. ಹತ್ತಿರಕ್ಕೆ ಎಳೆಯುವುದು ಹೆಚ್ಚಾಗಿ ಕಣ್ಣು, ಅಂತರ ಕಾಯುವುದು ಹೆಚ್ಚಾಗಿ ಮೈಯ ಗೆರೆ ಅಂತ ಇದರಿಂದ ತಿಳಿಯಬಹುದು.

ಈ ಗೆರೆಯನ್ನು ನೀವೇ ನೋಡಬಹುದು. ಮುಂದಿನ ಸಲ ಮಾರ್ಕೆಟ್ಟಿಗೆ ಹೋದಾಗ ಒಂದು ತಾಜಾ ಬಂಗಡೆ, ಒಂದು ತಾಜಾ ತಾರ್ಲೆ ತನ್ನಿ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಬಂಗಡೆಯ ಪಕ್ಕದಲ್ಲಿ ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಒಂದು ಸಣ್ಣ ಗೆರೆ ಸಿಗುತ್ತದೆ. ಉಗುರಿನಿಂದ ಹಗುರವಾಗಿ ಎಳೆದರೂ ತಿಳಿಯುತ್ತದೆ. ತಾರ್ಲೆಯಲ್ಲಿ ಹುಡುಕಿ. ಕಿವಿರಿನ ಹಿಂದೆ ಒಂದು ಬಂಗಾರದ ಬಣ್ಣದ ಮಚ್ಚೆ, ಅಲ್ಲಿಂದ ಹಿಂದಕ್ಕೆ ಮಸುಕಾದ ಬಂಗಾರದ ಪಟ್ಟಿ ಕಾಣುತ್ತದೆ. ಸಿಕ್ಕಿತು ಅಂದುಕೊಳ್ಳಬೇಡಿ, ಅದು ಬರೀ ಬಣ್ಣ. ತಾರ್ಲೆಯ ಬಳಗದ ಮೀನುಗಳಿಗೆ ಮೈಯ ಮೇಲೆ ಪಾರ್ಶ್ವರೇಖೆಯೇ ಇಲ್ಲ. ಅವುಗಳ ಕೊಳವೆಗಳೆಲ್ಲ ತಲೆಯಲ್ಲಿವೆ. ಕಣ್ಣಿನ ಸುತ್ತ, ಕಿವಿರಿನ ಮುಚ್ಚಳದ ಮೇಲೆ ಕವಲು ಕವಲಾಗಿ ಹರಡಿವೆ.

ಹಾಗಾದರೆ ತಾರ್ಲೆ ಮತ್ತು ಬಂಗಡೆ ಒಂದೇ ನೀರಿನಲ್ಲಿ ಪಕ್ಕಪಕ್ಕ ಈಜುವಾಗಲೂ ಒಬ್ಬರು ನೀರನ್ನು ಓದುವುದು ತಲೆಯಿಂದ ಮಾತ್ರ, ಇನ್ನೊಬ್ಬರು ಇಡೀ ಮೈಯಿಂದ. ಯಂತ್ರ ಬೇರೆ ಬೇರೆ. ಆದರೂ ಸಿಗುವ ಸುದ್ದಿ ಒಂದೇ: ಪಕ್ಕದಲ್ಲಿ ಯಾರೋ ಇದ್ದಾರೆ, ಇಷ್ಟು ದೂರದಲ್ಲಿ ಇದ್ದಾರೆ, ಇಷ್ಟು ವೇಗದಲ್ಲಿ ಹೋಗುತ್ತಿದ್ದಾರೆ. ಆ ಯಾರೋ ತನ್ನ ಜಾತಿಯೇ ಆಗಬೇಕು ಅನ್ನುವುದು ಆ ಸುದ್ದಿಯಲ್ಲಿ ಇಲ್ಲ. ಬೇರೆ ಬೇರೆ ಮೀನು ಒಟ್ಟಿಗೆ ಈಜಲು ಸಾಧ್ಯವಾಗುವುದು ಇದರಿಂದ.

ಸಾಧ್ಯ ಅಂದೆ, ಸುಲಭ ಅನ್ನಲಿಲ್ಲ. ಇಲ್ಲಿ ಮೈಯುದ್ದ ಬರುತ್ತದೆ. 1958ರಲ್ಲಿ ಬೇನ್‌ಬ್ರಿಡ್ಜ್ ಎಂಬ ವಿಜ್ಞಾನಿ ಬೇರೆ ಬೇರೆ ಮೀನುಗಳನ್ನು ನೀರಿನ ದೊಡ್ಡ ಚಕ್ರದಲ್ಲಿ ಈಜಿಸಿ ಬಾಲದ ಬೀಸು ಅಳೆದರು. ಅವರಿಂದ ಮತ್ತು ಆಮೇಲಿನವರಿಂದ ತಿಳಿದದ್ದು: ಹೆಚ್ಚಿನ ಮೀನು ಒಂದು ಸಲ ಬಾಲ ಬೀಸಿದರೆ ತನ್ನ ಉದ್ದದ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 0.6ರಿಂದ 0.7 ಪಾಲು ಮುಂದೆ ಹೋಗುತ್ತದೆ. 20 ಸೆಂಟಿಮೀಟರ್ ಮೀನು ಒಂದು ಬೀಸಿಗೆ 13 ಸೆಂಟಿಮೀಟರ್ ಹೋದರೆ, 10 ಸೆಂಟಿಮೀಟರ್ ಮೀನು ಆರೂವರೆ. ಜೊತೆಗೆ ಇರಬೇಕಾದರೆ ಸಣ್ಣದು ಎರಡು ಪಟ್ಟು ಬೀಸಬೇಕು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಅಪ್ಪನ ಕೈ ಹಿಡಿದು ನಡೆಯುವ ಮಗು ಅರ್ಧ ಓಡುತ್ತಲೇ ಇರುತ್ತದಲ್ಲ, ಹಾಗೆ. ಸ್ವಲ್ಪ ದೂರ ಆಗುತ್ತದೆ, ಆಮೇಲೆ ಸುಸ್ತು.

ಆದ್ದರಿಂದ ಹಿಂಡಿನಲ್ಲಿ ಜಾತಿಗಿಂತ ಮೊದಲು ಅಳತೆ ಹೊಂದಬೇಕು. ಒಂದೇ ಜಾತಿಯ ಮೀನುಗಳೂ ಉದ್ದದ ಪ್ರಕಾರ ಬೇರೆ ಬೇರೆ ಗುಂಪಾಗುತ್ತವೆ, ಇದು ತುಂಬಾ ಜಾತಿಗಳಲ್ಲಿ ಕಂಡ ವಿಷಯ. ಬಂಗಡೆ ಪೂರ್ತಿ ಬೆಳೆದರೆ ತಾರ್ಲೆಗಿಂತ ದೊಡ್ಡದು. ಆದರೆ ಚಿಕ್ಕ ಬಂಗಡೆ ಮತ್ತು ದೊಡ್ಡ ತಾರ್ಲೆ ಹತ್ತಿರ ಹತ್ತಿರ ಒಂದೇ ಉದ್ದ. ಅವು ಒಂದೇ ಹಿಂಡಿನಲ್ಲಿ ಬಾಲ ಹೊಂದಿಸಿಕೊಳ್ಳಬಲ್ಲವು.

ಈಗ ಯಾಕೆ ಅನ್ನುವ ಪ್ರಶ್ನೆಗೆ ಬರೋಣ. ಬೇರೆಯವರ ಹಿಂಡಿಗೆ ಸೇರಿ ಏನು ಲಾಭ?

ಮೊದಲ ಲಾಭ ಎಲ್ಲರಿಗೂ ತಿಳಿದದ್ದೇ. ಇಸ್ವಾಣ ಮೀನು ಬೇಟೆಗೆ ಬಂದಾಗ ಸಾವಿರದಲ್ಲಿ ಒಬ್ಬರಾಗಿದ್ದರೆ ನಮ್ಮ ಸರದಿ ಬರುವ ಸಂಭವ ಕಡಿಮೆ. ಜೊತೆಗೆ ಅಷ್ಟು ಬೆಳ್ಳಿ ಮೈಗಳು ಒಟ್ಟಿಗೆ ಮಿನುಗಿದರೆ ಬೇಟೆಗಾರನಿಗೆ ಒಂದರ ಮೇಲೆ ಕಣ್ಣಿಡಲು ಆಗುವುದಿಲ್ಲ. ತನ್ನ ಜಾತಿಯವರು ಹತ್ತಿರದಲ್ಲಿ ಸಾಕಷ್ಟು ಇಲ್ಲದಿದ್ದರೆ ಬೇರೆಯವರ ಗುಂಪು ಆದರೂ ಸರಿ.

ಎರಡನೆಯದು ಊಟದ ಲಾಭ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಪನಾಮಾದ ಹವಳದ ದಿಬ್ಬಗಳದ್ದು, 1976ರಲ್ಲಿ ಪ್ರಕಟವಾದದ್ದು. ಅಲ್ಲಿ ಡ್ಯಾಮ್ಸೆಲ್ ಎಂಬ ಸಣ್ಣ ಮೀನು ತನ್ನ ಪಾಚಿಯ ತುಂಡು ಜಾಗವನ್ನು ಕಾಯುತ್ತದೆ. ಯಾರು ಬಂದರೂ ಓಡಿಸುತ್ತದೆ. ಒಂಟಿ ಗಿಳಿಮೀನಿಗೆ ಅಲ್ಲಿ ಬಾಯಿ ಹಾಕಲು ಆಗುವುದಿಲ್ಲ. ಅದೇ ಗಿಳಿಮೀನು ಹಿಂಡಾಗಿ ಬಂದರೆ ಡ್ಯಾಮ್ಸೆಲ್ ಒಂದನ್ನು ಓಡಿಸುವಷ್ಟರಲ್ಲಿ ಉಳಿದವು ಮೇಯುತ್ತವೆ. ಅಂಥ ಹಿಂಡಿನಲ್ಲಿ ಬೇರೆ ಜಾತಿಯ ಮೀನುಗಳೂ ಸೇರಿಕೊಂಡು ಮೇಯುತ್ತವೆ. ಕಾವಲಿನವನು ಒಬ್ಬ, ನುಗ್ಗಿದವರು ನೂರು. ಯಾರ ಹೊಟ್ಟೆ ಯಾವ ಜಾತಿ ಅಂತ ಅಲ್ಲಿ ಲೆಕ್ಕಕ್ಕಿಲ್ಲ.

ಸಭೆಯಲ್ಲಿ ಕಾರವಾರದ ಹಿರಿಯರೊಬ್ಬರು ಇದ್ದರು. ಚಿಕ್ಕಂದಿನಲ್ಲಿ ರಂಪಣಿ ಬಲೆ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆದವರು. ಅವರು ಎದ್ದು ನಿಂತು, "ಇದೆಲ್ಲ ಸಮಾಧಾನದಲ್ಲಿ ಸರಿ. ಹೆದರಿಕೆ ಬಂದಾಗ ಏನು ಮಾಡ್ತಾವೆ ಹೇಳಿ" ಅಂದರು. ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯವನ್ನೇ ಅವರು ಕೇಳಿದರು.

ಹೆದರಿಕೆ ಬಂದಾಗ ಜಾತಿ ಲೆಕ್ಕಕ್ಕೆ ಬರುತ್ತದೆ.

1986ರ ಒಂದು ಪ್ರಯೋಗ ಕೇಳಿ. ಲಾಂಡೋ ಮತ್ತು ಟರ್ಬೋರ್ಗ್ ಎಂಬ ಇಬ್ಬರು ಬೆಳ್ಳಿ ಬಣ್ಣದ ಸಣ್ಣ ಮೀನುಗಳನ್ನು ಬಾಸ್ ಎಂಬ ಬೇಟೆ ಮೀನಿನ ತೊಟ್ಟಿಗೆ ಬಿಟ್ಟರು. ಒಂಟಿ ಮೀನು ಬೇಗ ಬಾಯಿಗೆ ಹೋಯಿತು. ಗುಂಪು ದೊಡ್ಡದಾದಂತೆ ಬಾಸ್‌ಗೆ ಹಿಡಿಯುವುದು ಕಷ್ಟವಾಯಿತು. ಆಮೇಲೆ ಎಂಟು ಮೀನಿನ ಗುಂಪಿನಲ್ಲಿ ಒಂದೆರಡಕ್ಕೆ ನೀಲಿ ಬಣ್ಣ ಹಾಕಿದರು. ಅಷ್ಟೇ ಮಾಡಿದ್ದು. ಬಾಸ್ ಮತ್ತೆ ಸುಲಭವಾಗಿ ಹಿಡಿಯತೊಡಗಿತು. ಬೇರೆಯಾಗಿ ಕಾಣುವ ಮೀನಿನ ಮೇಲೆ ಕಣ್ಣು ನೆಟ್ಟು ನುಗ್ಗಬಹುದು. ಹಿಂಡಿನ ಮಿನುಗಾಟ ಅಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಗಂಭೀರ ವಿಷಯ ಇನ್ನೊಂದಿದೆ. ನೀಲಿ ಮೀನಷ್ಟೇ ಅಲ್ಲ, ಅದರ ಜೊತೆ ಇದ್ದ ಬೆಳ್ಳಿ ಮೀನುಗಳೂ ಮೊದಲಿಗಿಂತ ಸುಲಭವಾಗಿ ಸಿಕ್ಕಿಬಿದ್ದವು.

ಅಂದರೆ ಬೇರೆ ಬಣ್ಣದ, ಬೇರೆ ಜಾತಿಯ ಮೀನಿಗೆ ಹಿಂಡು ಯಾವಾಗಲೂ ಸುರಕ್ಷಿತ ಜಾಗ ಅಲ್ಲ. ಮೀನುಗಳಿಗೆ ಇದು ಗೊತ್ತಿದ್ದ ಹಾಗೆ ಕಾಣುತ್ತದೆ. ಹವಳದ ದಿಬ್ಬದ ಮಿಶ್ರ ಹಿಂಡುಗಳನ್ನು ನೋಡಿದ ನ್ಯಾನ್ಸಿ ವುಲ್ಫ್ ಎಂಬ ಸಂಶೋಧಕಿ 1985ರಲ್ಲಿ ಬರೆದದ್ದು ಇದನ್ನೇ. ಮೇಯುವಾಗ ಎಲ್ಲ ಒಟ್ಟಿಗೆ. ಅಪಾಯ ಬಂದ ಕೂಡಲೆ, ಹಿಂಡಿನಲ್ಲಿ ಬೇರೆಯಾಗಿ ಎದ್ದು ಕಾಣುವ ಕೆಲವೇ ಮೀನುಗಳು ಹಿಂಡು ಬಿಟ್ಟು ದಿಬ್ಬದ ಸಂದಿಗೆ ಓಡುತ್ತವೆ. ಮರುವರ್ಷ ಬ್ರಿಟನ್ನಿನಲ್ಲಿ ಮಿನ್ನೊ, ಡೇಸ್, ಗಜನ್ ಎಂಬ ಮೂರು ಬಗೆಯ ಸಿಹಿನೀರಿನ ಮೀನುಗಳನ್ನು ಸೇರಿಸಿ ನೋಡಿದರು. ಶಾಂತವಾಗಿದ್ದಾಗ ಬೆರೆತಿದ್ದ ಹಿಂಡು ಬೇಟೆಗಾರ ಬಂದಾಗ ಜಾತಿವಾರು ಬೇರೆಯಾಯಿತು.

ಇದು ಮೀನಿನ ಸ್ವಾರ್ಥ ಅಂತ ಹಿರಿಯರು ಅಂದರು. ನಾನು ಹಾಗೆ ನೋಡುವುದಿಲ್ಲ. ತಪ್ಪಿಸಿಕೊಳ್ಳುವ ರೀತಿ ಜಾತಿಗೊಂದು. ಒಂದು ನೇರ ಮುಂದಕ್ಕೆ ಓಡುತ್ತದೆ, ಒಂದು ತಳಕ್ಕೆ ಇಳಿದು ಮರಳಿಗೆ ಅಂಟಿಕೊಂಡು ಸುಮ್ಮನಾಗುತ್ತದೆ. ಮಾಮೂಲಿ ವೇಗದಲ್ಲಿ ಹೊಂದುತ್ತಿದ್ದ ಮೈಗಳು ಪೂರ್ತಿ ವೇಗಕ್ಕೆ ಹೋದಾಗ ಹೊಂದುವುದಿಲ್ಲ. ಜೊತೆಗಿರಲು ನೋಡಿದರೆ ಇಬ್ಬರಿಗೂ ನಷ್ಟ.

ಎಚ್ಚರಿಕೆಯ ಸುದ್ದಿ ಮಾತ್ರ ಜಾತಿ ದಾಟುತ್ತದೆ. ಮಿನ್ನೊ ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಒಂದು ರಾಸಾಯನಿಕ ನೀರಿಗೆ ಸೇರುತ್ತದೆ, ಬೇರೆ ಮಿನ್ನೊಗಳು ಅದರ ವಾಸನೆಗೆ ಹೆದರಿ ಒಟ್ಟುಗೂಡುತ್ತವೆ. ಇದನ್ನು 1938ರಲ್ಲಿ ಕಾರ್ಲ್ ಫಾನ್ ಫ್ರಿಶ್ ತಿಳಿಸಿದರು. ಜೇನುಹುಳಗಳ ಕುಣಿತ ಬಿಡಿಸಿ ನೊಬೆಲ್ ಪಡೆದವರು ಅವರೇ. ಹತ್ತಿರದ ಸಂಬಂಧದ ಜಾತಿಗಳೂ ಒಂದರ ವಾಸನೆಗೆ ಇನ್ನೊಂದು ಹೆದರುತ್ತವೆ. ವಾಸನೆ ನಿಧಾನ. ಕಣ್ಣಿಗೆ ಕಾಣುವ ಸುದ್ದಿ ಬಹಳ ವೇಗ. ಒಂದು ಮೀನು ಬೆಚ್ಚಿ ತಿರುಗಿದರೆ ಮೈಯ ಬೆಳ್ಳಿ ಮಿನುಗುತ್ತದೆ, ಪಕ್ಕದ್ದೂ ತಿರುಗುತ್ತದೆ, ಅದರ ಪಕ್ಕದ್ದೂ. ಸೋವಿಯತ್ ವಿಜ್ಞಾನಿ ರಾಡಕೊವ್ ಇದನ್ನು ಗಮನಿಸಿ ದಾಖಲಿಸಿದರು. ಆ ಅಲೆ ಹಿಂಡಿನೊಳಗೆ ಸಾಗುವ ವೇಗ ಮೀನು ಈಜುವ ವೇಗಕ್ಕಿಂತ ಹೆಚ್ಚು. ಬೇಟೆಗಾರ ಮುಟ್ಟುವ ಮೊದಲೇ ಸುದ್ದಿ ಆ ತುದಿ ಮುಟ್ಟಿರುತ್ತದೆ.

ಎಲ್ಲ ಮಿಶ್ರ ಗುಂಪುಗಳೂ ಹೀಗೆ ಒಂದೇ ಕೆಲಸ ಮಾಡುವವರ ಗುಂಪಲ್ಲ. ಕೆಂಪು ಸಮುದ್ರದಲ್ಲಿ ಗೋಬ್ರೊ ಮೀನು (ಮಂಗಳೂರಿನವರು ಮುರು ಅನ್ನುವುದು ಇದನ್ನೇ) ಹಾವುಮೀನಿನ ಗೂಡಿನ ಮುಂದೆ ಹೋಗಿ ತಲೆ ಅಲುಗಿಸಿ ಬೇಟೆಗೆ ಕರೆಯುತ್ತದೆ ಅಂತ 2006ರಲ್ಲಿ ತೋರಿಸಿದರು. ಹಾವುಮೀನು ಸಂದಿಯೊಳಗೆ ನುಗ್ಗುತ್ತದೆ, ಗೋಬ್ರೊ ಹೊರಗೆ ಕಾಯುತ್ತದೆ. ಅದೇ ಸಮುದ್ರದಲ್ಲಿ ಆಕ್ಟೋಪಸ್ ಮತ್ತು ಹಲವು ಜಾತಿಯ ಮೀನು ಸೇರಿ ಬೇಟೆಯಾಡುವುದನ್ನು 2024ರಲ್ಲಿ ಬಿಡಿಸಿ ತೋರಿಸಿದರು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೆಚ್ಚಾಗಿ ತೋರಿಸುವುದು ಗೋಟ್‌ಫಿಶ್ ಎಂಬ ಮೀಸೆಯ ಮೀನು. ಯಾವಾಗ ಹೊರಡಬೇಕು ಅನ್ನುವುದು ಆಕ್ಟೋಪಸ್ ಕೈಯಲ್ಲಿ. ಕೆಲಸ ಮಾಡದೆ ಸುಮ್ನೆ ತಿನ್ನಲು ಬಂದ ಮೀನಿಗೆ ಆಕ್ಟೋಪಸ್ ತೋಳಿನಿಂದ ಗುದ್ದುತ್ತದೆ! ಇದರ ಬಗ್ಗೆಯೇ ಒಂದು ಸಂಜೆ ಮಾತಾಡಬಹುದು. ಇವತ್ತು ತಾರ್ಲೆಗೆ ವಾಪಸ್ ಬರುತ್ತೇನೆ, ಏಕೆಂದರೆ ನನಗೆ ಕಾಳಜಿ ಇರುವುದು ಅಲ್ಲಿ.

ಬೇರೆಯವರ ಹಿಂಡಿಗೆ ಸೇರಿದ ಮೀನಿಗೆ ದಾರಿ ತನ್ನದಲ್ಲ. ಹಿಂಡಿನ ಹೆಚ್ಚಿನವರು ಹೋದ ಕಡೆ ಹೋಗಬೇಕು. ಅವರಿಗೆ ಒಗ್ಗುವ ನೀರು, ಅವರಿಗೆ ಬೇಕಾದ ಆಹಾರ, ಅವರು ಮೊಟ್ಟೆ ಇಡುವ ಜಾಗ. 1999ರಲ್ಲಿ ಬಾಕುನ್ ಮತ್ತು ಕ್ಯೂರಿ ಎಂಬ ಇಬ್ಬರು ಇದರಿಂದ ಒಂದು ವಾದ ಕಟ್ಟಿದರು. ಸಾರ್ಡಿನ್ (ನಮ್ಮ ತಾರ್ಲೆಯ ಬಳಗ), ಆಂಚೊವಿಯಂಥ ಸಣ್ಣ ಮೀನುಗಳಲ್ಲಿ ಒಂದು ಜಾತಿ ಕಡಿಮೆಯಾದಾಗ ಅದು ತಾನೇ ಹಿಂಡು ಕಟ್ಟುವಷ್ಟು ಉಳಿಯುವುದಿಲ್ಲ. ಒಂಟಿಯಾಗಿ ಇರಲೂ ಆಗುವುದಿಲ್ಲ. ಹೆಚ್ಚಾಗಿರುವ ಇನ್ನೊಂದು ಜಾತಿಯ ಹಿಂಡಿಗೆ ಸೇರುತ್ತದೆ. ಆ ಹಿಂಡು ಇದನ್ನು ಇದಕ್ಕೆ ಒಗ್ಗದ ಜಾಗಕ್ಕೆ ಎಳೆದುಕೊಂಡು ಹೋಗುತ್ತದೆ. ಇದರಿಂದ ಇನ್ನೂ ಕಡಿಮೆಯಾಗುತ್ತದೆ. ಇದನ್ನು ಅವರು ಹಿಂಡಿನ ಬೋನು ಅನ್ನುವ ಅರ್ಥದ ಹೆಸರಿನಿಂದ ಕರೆದರು. ಇದು ಅವರ ಊಹೆ, ಆದರೆ ಮೀನು ಹಿಂಡು ಕಟ್ಟುವ ರೀತಿಯಿಂದಲೇ ಹುಟ್ಟಿದ ಊಹೆ. ಅದಕ್ಕೇ ನನಗೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ.

ನಮ್ಮ ಪಡುವಣ ಕರಾವಳಿಯ ತಾ‌ರ್ಲೆ ಏರುವುದು ಇಳಿಯುವುದು ಹೊಸದಲ್ಲ. ಆದರೆ ಇತ್ತೀಚಿನ ಇಳಿತ ಎದೆ ನಡುಗಿಸುವಂಥದ್ದು. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಸಮುದ್ರದ ಬಿಸಿ, ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ, ಮರಿಮೀನು ಹಿಡಿಯುವುದು ಎಲ್ಲದರ ಪಾಲೂ ಇದರಲ್ಲಿದೆ. ಆಮೇಲೆ ಮತ್ತೆ ಮೀನು ಬಂದಿದೆ, ಅದೂ ನಿಜ. ಇಂಥ ಏರಿಳಿತದಲ್ಲಿ ಯಾರು ಯಾರ ಹಿಂಡಿನಲ್ಲಿ ಈಜುತ್ತಿದ್ದರು ಅನ್ನುವುದು ಸಣ್ಣ ವಿಷಯ ಅಲ್ಲ.

ಇಸ್ವಾಣದಿಂದ ಕಾಪಾಡುವ ಹಿಂಡು ಬಲೆಯಿಂದ ಕಾಪಾಡುವುದಿಲ್ಲ. ಸುತ್ತ ಹಾಕಿ ತಳ ಬಿಗಿಯುವ ಪರ್ಸಿನ್ ಬಲೆಗೆ ಹಿಂಡು ಗಟ್ಟಿಯಾಗಿದ್ದಷ್ಟೂ ಅನುಕೂಲ. ಗೋವಾದ ರಾಂಪಣಕಾರರು, ಅಂದರೆ ರಂಪಣಿ ಬಲೆಯ ಮೀನುಗಾರರು, 1970ರ ದಶಕದಲ್ಲಿ ಬೀದಿಗೆ ಇಳಿದದ್ದು ಯಂತ್ರದ ಬೋಟುಗಳ ವಿರುದ್ಧ. 1980ರ ಗೋವಾದ ಮೀನುಗಾರಿಕೆ ನಿಯಂತ್ರಣ ಕಾನೂನಿನ ಹಿಂದೆ ಆ ಹೋರಾಟ ಇದೆ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ಇಲ್ಲೂ ನಿಷೇಧ, ಕರ್ನಾಟಕದಲ್ಲೂ ನಿಷೇಧ.

ಕೊನೆಗೆ ಒಬ್ಬ ಅಕ್ಕ ಕೇಳಿದರು, "ಇದರಲ್ಲಿ ನಮ್ಮ ಕೈಲಿ ಆಗೋದು ಏನಾದ್ರೂ ಇದೆಯಾ?" ಇದೆ ಅಕ್ಕಾ. ಜೆಟ್ಟಿಯಲ್ಲಿ ಮೀನು ಇಳಿದ ತಕ್ಷಣ ತಾರ್ಲೆ ಒಂದು ಕ್ರೇಟಿಗೆ, ಬಂಗಡೆ ಒಂದು ಕ್ರೇಟಿಗೆ ಹೋಗುತ್ತದೆ. ಲೆಕ್ಕವೂ ಜಾತಿವಾರು. ಒಂದೇ ಬೀಸಿನಲ್ಲಿ ಯಾವ ಮೀನಿನ ಜೊತೆ ಯಾವುದು ಬಂತು, ಎರಡೂ ಒಂದೇ ಅಳತೆಯವಾ ಅನ್ನುವುದು ಆ ಕ್ಷಣಕ್ಕೆ ಕಳೆದುಹೋಗುತ್ತದೆ. ಅದು ಗೊತ್ತಿರುವುದು ಬಲೆ ಎಳೆದವರಿಗೆ ಮತ್ತು ಬೋಟು ನಡೆಸುವ ತಾಂಡೇಲನಿಗೆ ಮಾತ್ರ. ನಿಮ್ಮಲ್ಲಿ ಕೆಲವರ ಮನೆಯವರು ಬೋಟಿನಲ್ಲಿ ದುಡಿಯುತ್ತಾರೆ. ಆಗಸ್ಟಿನಲ್ಲಿ ಬೋಟು ಹೊರಟ ಮೇಲೆ ಒಂದು ಸಣ್ಣ ವಹಿಯಲ್ಲಿ ಬರೆದಿಡಲು ಹೇಳಿ. ದಿನಾಂಕ, ಎಷ್ಟು ಆಳದಲ್ಲಿ ಬಲೆ ಬಿಟ್ಟರು, ಬೀಸಿಗೆ ಎಷ್ಟು ತಾರ್ಲೆ ಎಷ್ಟು ಬಂಗಡೆ, ಎರಡರಿಂದಲೂ ನಾಲ್ಕು ನಾಲ್ಕು ಮೀನಿನ ಉದ್ದ. ಫೋನಿನಲ್ಲಿ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಕನ್ನಡದಲ್ಲೇ ಬರೆಯಲಿ, ಕೊಂಕಣಿಯಲ್ಲಾದರೂ ಸರಿ.